ಒಳಮನೆಗೂ ಒಂದು ಟಿವಿ

ಕಳೆದ ವಾರ ಹರಿಹರದ ನಮ್ಮ ಮನೆಯಲ್ಲಿ ಎರಡನೆಯ ಟಿವಿಗೆ ಡಿಶ್ ಸಂಪರ್ಕ ಕೊಡಲು ಬಂದವನು ಗೋಡೆಗೆ ಡ್ರಿಲ್ ಹಚ್ಚಿದ. ಇಟ್ಟಿಗೆಯ ಬಿಸಿ ಧೂಳಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಚಹಾದ ಲೋಟ ಕೈಯಲ್ಲೇ ಉಳಿಯಿತು. ಸೋಫಾದ ಮೇಲೆ ಧೂಳು ಬೀಳದಿರಲೆಂದು ಹಳೆಯ ಸೀರೆ ಹೊದಿಸುತ್ತಿದ್ದ ಹೆಂಡತಿ, "ಹಿಂಗ್ಯಾಕ ಗರ ಬಡಿದೋರಂಗೆ ನಿಂತೀರಿ?" ಅಂದಳು. ನಾನು ಅಲ್ಲಿ ಇರಲೇ ಇಲ್ಲ. ಅರ್ಧ ತಾಸಿನ ದಾರಿಯಾಚೆ ದಾವಣಗೆರೆಯಲ್ಲಿ, ಮಂಡಿಪೇಟೆಯ ಹಿಂದಿನ ನಮ್ಮ ಹಳೆಯ ಮನೆಯಲ್ಲಿ, ಗೆಳೆಯನಿಂದ ಇಸಕೊಂಡು ತಂದ ಡ್ರಿಲ್ ಹಿಡಿದು, ತಲೆ ಹುಬ್ಬು ಎಲ್ಲ ಕೆಂಪು ಮಾಡಿಕೊಂಡು ನಿಂತಿದ್ದೆ. ಆ ದಿನದ ಹುರುಪು ಇವತ್ತಿಗೂ ಮೈಯಲ್ಲಿ ಹಾಗೇ ಇದೆ.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದೆ. ಅಕ್ಕ ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಉಳಿದವರು ನಾಲ್ಕೇ ಜನ. ಅಪ್ಪ ಬೆಳಿಗ್ಗೆ ಅಂಗಡಿಗೆ ಹೋದರೆ ಊಟದ ಹೊತ್ತಿಗೇ ಮನೆ ಕಾಣುತ್ತಿದ್ದುದು. ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಲೋಕಿಕೆರೆಯ ಗದ್ದೆಯನ್ನು ಮಾತ್ರ ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು. ದೊಡ್ಡವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ಗದ್ದೆಯಿಂದ ಬಂದು, ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯ ದಿವಾನದ ಮೇಲೆ ಕೂತರೆಂದರೆ ರಿಮೋಟು ಅವರ ತೊಡೆಯ ಕೆಳಗೆ. ಅದನ್ನು ಅಲ್ಲಿಂದ ತೆಗೆಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾಲ್ಕನೆಯವಳು ಅವ್ವ.

ಅವ್ವನ ವಿಷಯ ಹೇಳುವ ಮೊದಲು ನಮ್ಮ ಕಡೆಯ ಒಂದು ನಡಾವಳಿ ಹೇಳಬೇಕು. ಗಂಡನ ಅಣ್ಣನ ಎದುರು ತಮ್ಮನ ಹೆಂಡತಿ ಕೂರುವುದಿಲ್ಲ. ಸೆರಗು ಹೊದ್ದು ನಿಲ್ಲಬಹುದು, ಬಡಿಸಬಹುದು, ಆದರೆ ಮುಖ ನೋಡಿ ಮಾತಾಡುವುದಿಲ್ಲ. ಯಾರೂ ಕಟ್ಟಳೆ ಮಾಡಿ ಬರೆದಿಟ್ಟದ್ದಲ್ಲ. ನಡೆದು ಬಂದಿತ್ತು, ನಡೆಯುತ್ತಿತ್ತು. ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಮೂಲಕವೇ ಹೋಗಬೇಕು. "ಊಟಕ್ಕೆ ಏಳ್ಬೇಕಂತೆ ಅಂತ ಹೇಳೋ" ಅಂತ ಅವ್ವ ಅಡುಗೆಮನೆಯಿಂದ ಹೇಳುವುದು, ಎರಡು ಮಾರು ದೂರದಲ್ಲಿ ಕೂತ ದೊಡ್ಡಪ್ಪನಿಗೆ ಅದು ಕೇಳಿಸಿಯೇ ಇರುವುದು, ಆದರೂ ನಾನು ಹೋಗಿ ಹೇಳುವ ತನಕ ಅವರು ಏಳದಿರುವುದು. ನಾನು ಮನೆಯಲ್ಲಿಲ್ಲದಾಗ ಅವ್ವ ಬಾಗಿಲಿಗೆ ಹೇಳುತ್ತಿದ್ದಳು: "ಚಾ ಆಗೈತೆ." ದೊಡ್ಡಪ್ಪ ಟಿವಿಗೆ ಹೇಳುತ್ತಿದ್ದರು: "ಸಕ್ಕರೆ ಕಮ್ಮಿ ಇದ್ರೆ ಚಲೋ." ಬಾಗಿಲೂ ಟಿವಿಯೂ ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದವೆಂದರೆ ಮೂವತ್ತು ವರ್ಷ ಮನೆಯಲ್ಲಿ ಒಂದು ಜಗಳವಿಲ್ಲ.

ಇದರಿಂದ ಆದ ತೊಂದರೆ ಒಂದೇ. ಅವ್ವ ಟಿವಿ ನೋಡುವುದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಅಲ್ಲಿಂದ ನೋಡಿದರೆ ಪಡಸಾಲೆಯ ಶೋಕೇಸು ಅಡ್ಡ ಬಂದು ಟಿವಿಯ ಎಡಗಡೆಯ ಅರ್ಧ ಮಾತ್ರ ಕಾಣುತ್ತಿತ್ತು. ಅವ್ವನ ಪ್ರಪಂಚದಲ್ಲಿ ಹಾಗಾಗಿ ಎಡಗಡೆಯವರದೇ ರಾಜ್ಯ. ಧಾರಾವಾಹಿಯ ಅತ್ತೆ ಅವಳಿಗೆ ಚೆನ್ನಾಗಿ ಪರಿಚಯ, ಸೊಸೆ ಮಾತ್ರ ಬರೀ ಧ್ವನಿ. ಕಬಡ್ಡಿ ಆಟದಲ್ಲಿ ಒಂದೇ ತಂಡ. ಆಟಗಾರ ಗೆರೆ ದಾಟಿ ಆ ಕಡೆ ಹೋದನೆಂದರೆ ಅವನು ವಾಪಸು ಬಂದ ಮೇಲೇ ಉಳಿದುಕೊಂಡ ಸಂಗತಿ ಗೊತ್ತಾಗುವುದು. ಶೋಕೇಸು ಸರಿಸಬಾರದಿತ್ತೇ ಅಂತ ನೀವು ಕೇಳುತ್ತೀರಿ. ಸರಿಸಿದರೆ ಅವ್ವ ದೊಡ್ಡಪ್ಪನಿಗೆ ನೇರವಾಗಿ ಕಾಣುತ್ತಾಳಲ್ಲ. ಆಮೇಲೆ ಅವಳು ಅಲ್ಲೂ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಕುಕ್ಕುವಾಡದಿಂದ ಹಾಲೇಶ ಮಾವನ ಫೋನು ಬಂತು. ಮಾವ ಅವ್ವನ ಒಬ್ಬನೇ ತಮ್ಮ. "ಟಿವಿಯೋರು ಕ್ಯಾಮೆರಾ ತಗಂಡು ಗದ್ದೆಗೆ ಬಂದಿದ್ರಕ್ಕ. ನನ್ನ ಭತ್ತದ ಬಗ್ಗೆ ಮಾತಾಡ್ಸಿದ್ರು. ಬರೋ ಗುರುವಾರ ಸಂಜಿಕೆ ರೈತರ ಕಾರ್ಯಕ್ರಮದಾಗೆ ಬರ್ತೈತಂತೆ, ನೋಡು" ಅಂದ. ಫೋನ್ ಇಟ್ಟ ಅವ್ವನ ಮುಖ ನೋಡಬೇಕಿತ್ತು ನೀವು. ಒಲೆಯ ಮೇಲಿನ ರೊಟ್ಟಿ ಸೀದು ಹೊಗೆಯಾಡುತ್ತಿದ್ದರೂ ಅವಳು ಫೋನನ್ನೇ ನೋಡುತ್ತ ನಿಂತಿದ್ದಳು.

ಮಾವ ನಮ್ಮ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟು ಆಗ ಕೆಲವು ವರ್ಷಗಳಾಗಿದ್ದವು. ಕಾರಣ, ಅಕ್ಕನ ಮದುವೆಯ ಪಂಕ್ತಿ. ದೊಡ್ಡಪ್ಪ ಆ ಮದುವೆಗೆ ತಮ್ಮ ಲೋಕಿಕೆರೆಯ ಗದ್ದೆಯ ಅಕ್ಕಿಯನ್ನೇ ಬೇಯಿಸಬೇಕೆಂದು ಹಟ ಹಿಡಿದು ತರಿಸಿದ್ದರು. ಮಾವ ಎರಡು ತುತ್ತು ಉಂಡವನು, ನಾಲ್ಕು ಜನ ಕೇಳುವ ಹಾಗೆ, "ಲೋಕಿಕೆರೆಯೋರಿಗೆ ಮೆಕ್ಕೆಜೋಳ ಸರಿ. ಭತ್ತದ ಉಸಾಬರಿ ಯಾಕ ಬೇಕು?" ಅಂದುಬಿಟ್ಟ. ತಮಾಷೆಗೇ ಅಂದದ್ದು. ಬಡಿಸಲು ತುಪ್ಪದ ಗಿಂಡಿ ಹಿಡಿದು ಬಂದ ದೊಡ್ಡಪ್ಪ ಅವನ ಎಲೆಯೊಂದನ್ನು ಬಿಟ್ಟು ಮುಂದಕ್ಕೆ ಹೋದರು. ಅಷ್ಟೇ ಆದದ್ದು. ಅಲ್ಲಿಂದ ಮಾತು ಬಂದ್, ಬರುವುದು ಹೋಗುವುದು ಬಂದ್. ನಮ್ಮ ಸೀಮೆಯಲ್ಲಿ ಭತ್ತದ ಮಾನ ಅಂದರೆ ಮನೆತನದ ಮಾನ, ನಿಮಗೆ ಗೊತ್ತಿರಲಿಕ್ಕಿಲ್ಲ. ಅವ್ವ ತಮ್ಮನನ್ನು ನೋಡಬೇಕೆಂದರೆ ತಾನೇ ಕುಕ್ಕುವಾಡಕ್ಕೆ ಹೋಗಬೇಕು. ಒಂದು ದಿನವೂ ಯಾರ ಮೇಲೂ ದೂರು ಹೇಳಿದವಳಲ್ಲ.

ಆವತ್ತು ಸಂಜೆ ನಾನು ಡ್ಯೂಟಿ ಮುಗಿಸಿ ಬಂದಾಗ ಅವಳೇ ಬಂದು ಮೆಲ್ಲಗೆ ಹೇಳಿದಳು: "ಒಂದ್ ಸಲ ಕುಂತ್ಕಂಡು, ಅವನ ಪೂರ್ತಿ ಮುಖ ನೋಡ್ಬೇಕಲೋ. ಅವನು ಬಲಗಡಿಗೆ ನಿಂತಿದ್ರೆ ಏನ್ ಮಾಡ್ಲಿ?"

"ಪಕ್ಕದ ಮನ್ಯಾಗೆ ನೋಡಬೋದಲ್ಲವ್ವ."

"ಬ್ಯಾಡ. ನಮ್ಮ ಮನ್ಯಾಗೇ ನೋಡ್ಬೇಕು. ಹೊಸ್ತಿಲು ದಾಟಿ ಬರಲ್ಲ ಅಂದಾನೆ. ವೈರ್‌ನಾಗೆ ಬಂದ್ರೆ ಯಾರು ಬ್ಯಾಡ ಅಂತಾರೆ?"

ಆಗಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ಹಬ್ಬಕ್ಕೆಂದು ದೊಡ್ಡಪ್ಪ ಚಪ್ಪಟೆ ಟಿವಿ ತಂದ ಮೇಲೆ ಹಳೆಯ ಡಬ್ಬ ಟಿವಿ ಒಳಮನೆಯ ಮೂಲೆಯಲ್ಲಿ ಹಾಸಿಗೆ ಹೊತ್ತುಕೊಂಡು ಕೂತಿತ್ತು. ಡಿಶ್ಶಿನ ಡಬ್ಬಿಯ ಬೆನ್ನಲ್ಲಿ ಹಳದಿ, ಬಿಳಿ, ಕೆಂಪು ಮೂರು ತೂತು ಖಾಲಿ ಇದ್ದವು. ಚಪ್ಪಟೆ ಟಿವಿಗೆ ಬೇರೆಯೇ ವೈರು. ಇನ್ನೇನು ಬೇಕು? ಆ ಖಾಲಿ ತೂತುಗಳಿಂದ ಒಂದು ಉದ್ದನೆಯ ವೈರು ಎಳೆದು, ಗೋಡೆ ದಾಟಿಸಿ, ಹಳೆಯ ಟಿವಿಯ ಹೊಟ್ಟೆಗೆ ಸಿಗಿಸಿದರೆ ಅವ್ವನಿಗೆ ಒಂದು ಇಡೀ ಟಿವಿ. ನಾನು ಡಿಪ್ಲೊಮಾ ಓದಿದವನು ಬೇರೆ. ಕಾರ್ಖಾನೆಯಲ್ಲಿ ನನ್ನ ಕೆಲಸ ಬೋಲ್ಟುಗಳ ಅಳತೆ ನೋಡುವುದು, ನಿಜ. ಆದರೆ ಆ ಕ್ಷಣ ಉಪಗ್ರಹವನ್ನು ನಾನೇ ಮೇಲಕ್ಕೆ ಹಾರಿಸಿದ ಹಾಗೆ ಎದೆ ಉಬ್ಬಿತ್ತು.

ಮರುದಿನ ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಮೂರು ಬಾಲದ ಉದ್ದನೆಯ ವೈರು ಕೊಂಡೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವನಿಗೆ ಸುಮ್ಮನಿರಲು ಆಗಲಿಲ್ಲ. ಪಕ್ಕದವರು "ಏನ್ರಿ ಇದು?" ಅಂದದ್ದೇ ತಡ, ಒಂದು ಡಬ್ಬಿಗೆ ಎರಡು ಟಿವಿ ಹೆಂಗೆ ಅಂತ ಹಿಂದಿನ ಸೀಟಿನವರಿಗೂ ಕೇಳುವಂತೆ ವಿವರಿಸಿದೆ. ಅವರು ಗಲ್ಲ ಕೆರೆದುಕೊಂಡು, "ಅಲ್ರಿ, ಎರಡರಾಗೂ ಬ್ಯಾರೆ ಬ್ಯಾರೆ ಬರ್ತೈತಾ?" ಅಂದರು. "ಬರ್ದೆ ಏನ್ರಿ, ಎರಡು ಟಿವಿ ಅಲ್ವಾ" ಅಂದೆ. ಆ ನನ್ನ ಧ್ವನಿಯನ್ನು ನೆನೆಸಿಕೊಂಡರೆ ಈಗಲೂ ಕಿವಿ ಬೆಚ್ಚಗಾಗುತ್ತದೆ.

ಬುಧವಾರ ರಜೆ ಹಾಕಿ ಡ್ರಿಲ್ ಹಿಡಿದೆ. ಗೋಡೆ ನಮ್ಮ ಮುತ್ತಾತನ ಕಾಲದ್ದು, ಗೇಣುಗಟ್ಟಲೆ ದಪ್ಪ. ಧೂಳು ನೋಡಿ ದೊಡ್ಡಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ಬಂದರು.

"ಏನ್ ನಡೆಸೀಯಲೇ?"

"ಒಳಗೊಂದು ಟಿವಿ ಹಾಕ್ತೀನಿ ದೊಡ್ಡಪ್ಪ. ಅವ್ವಗೆ."

ಅವರು ಟಿವಿಯ ಕಡೆ ತಿರುಗಿ, "ಹಾಕು. ನಿಂತು ನಿಂತು ಕಾಲು ನೋವು ಬಂದಿರ್ತಾವು" ಅಂದರು. ಇಷ್ಟು ವರ್ಷ ಒಂದು ಸಲವೂ ಆ ಬಾಗಿಲ ಕಡೆ ತಿರುಗಿ ನೋಡದವರಿಗೆ ಅವ್ವ ಅಲ್ಲಿ ನಿಂತಿರುತ್ತಾಳೆಂಬುದು ಗೊತ್ತಿತ್ತು ಅಂತಾಯಿತು. ವೈರಿನ ಒಂದು ತುದಿಯನ್ನು ತಾವೇ ಹಿಡಿದು ನಿಂತರು. ಡ್ರಿಲ್ಲು ಗೋಡೆಯ ಆಚೆಗೆ ನೇತುಹಾಕಿದ್ದ ಕ್ಯಾಲೆಂಡರನ್ನೂ ಕೊರೆದುಕೊಂಡೇ ಹೊರಬಂತು, ಆ ತಿಂಗಳ ಅಮಾವಾಸ್ಯೆಯೇ ಹಾರಿಹೋಯಿತು. ಅವ್ವ ಬೈಯಲಿಲ್ಲ. ಮೊರದಲ್ಲಿ ಧೂಳು ಹಿಡಿಯುತ್ತ, "ಬರ್ತೈತೇನೋ? ಬರ್ತೈತೇನೋ?" ಅಂತ ಕೇಳುತ್ತಲೇ ಇದ್ದಳು.

ಮೊದಲು ಸದ್ದು ಬಂತು, ಚಿತ್ರ ಬರಲಿಲ್ಲ. ಹಳದಿಯನ್ನು ಬಿಳಿಗೆ ಸಿಗಿಸಿದ್ದೆ. ಸರಿ ಮಾಡಿದೆ, ಚಿತ್ರ ಬಂತು, ಸದ್ದು ಹೋಯಿತು. ಬೆವರು ಒರೆಸಿಕೊಂಡು ಮತ್ತೆ ಕಿತ್ತು ಸಿಗಿಸಿದೆ. ಡಬ್ಬ ಟಿವಿ ಒಮ್ಮೆ ಗುರ್ ಅಂದು ಬಣ್ಣಬಣ್ಣವಾಗಿ ತೆರೆದುಕೊಂಡಿತು. ನಾನು ಚಿಕ್ಕ ಹುಡುಗನ ಹಾಗೆ ಕೂಗಿಕೊಂಡೆ. ಅವ್ವ ಅಲ್ಲಿಯೂ ಬಾಗಿಲಿಗೆ ಒರಗಿಯೇ ನಿಂತಿದ್ದಳು. ಕೈ ಹಿಡಿದು ಎಳೆದು ತಂದು ಮಂಚದ ಮೇಲೆ ಕೂರಿಸಬೇಕಾಯಿತು. ಧಾರಾವಾಹಿ ಬರುತ್ತಿತ್ತು. ಅವಳು ಬಲಗಡೆಯ ಸೊಸೆಯನ್ನು ಬಹಳ ಹೊತ್ತು ನೋಡಿ, "ಅಯ್ಯೋ, ಇಷ್ಟು ಸಣ್ಣ ಹುಡುಗೀನಾ ಇವಳು? ಧ್ವನಿ ಕೇಳಿ ನಾ ದೊಡ್ಡಾಕಿ ಅನ್ಕಂಡಿದ್ದೆ" ಅಂದಳು. ಆ ಅತ್ತೆಯ ಮೇಲೆ ಅವಳಿಗಿದ್ದ ಗೌರವ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಸೊಸೆ ಮಾಯವಾಗಿ ಸುದ್ದಿ ಚಾನೆಲ್ಲಿನ ವಾಗ್ವಾದ ಶುರುವಾಯಿತು. "ಅದ್ಯಾಕೋ ತಾನೇ ಬದಲಾತು?" ಅಂದಳು ಅವ್ವ. ನಾನು ಪಡಸಾಲೆಗೆ ಓಡಿದೆ. ಅಲ್ಲೂ ಅದೇ ವಾಗ್ವಾದ. ದೊಡ್ಡಪ್ಪ ರಿಮೋಟನ್ನು ತೊಡೆಯ ಕೆಳಗೆ ಇಡುತ್ತಿದ್ದರು. ಟಿವಿ ಎರಡಾದರೇನು, ಡಬ್ಬಿ ಒಂದೇ. ಪಡಸಾಲೆಯಲ್ಲಿ ಏನು ಬರುತ್ತದೋ ಒಳಮನೆಯಲ್ಲೂ ಅದೇ. ದೊಡ್ಡಪ್ಪ ಒಪ್ಪಿದರೆ ಮಾತ್ರ ಮಾವನ ಮುಖ. ಒಪ್ಪುವುದೆಂದರೆ ಅವರೂ ಕೂತು ಆ ಮುಖವನ್ನು ನೋಡಬೇಕು. ಇನ್ನೊಂದು ಡಬ್ಬಿ ಬೇಕೆಂದು ಡಿಶ್ಶಿನವರಿಗೆ ಫೋನ್ ಮಾಡಿದರೆ ಮುಂದಿನ ವಾರ ಬರುತ್ತೇವೆ ಅಂದರು. ಕಾರ್ಯಕ್ರಮ ನಾಳೆ.

"ಕೇಳ್ಲೇನವ್ವ ದೊಡ್ಡಪ್ಪನ್ನ?"

"ಬ್ಯಾಡ. ಅವರ ಮನಸಿಗೆ ಬೇಜಾರಾಗೋದು ಬ್ಯಾಡ" ಅಂದಳು. ಅಂದವಳು ಮರುದಿನ ಸಂಜೆ ಹೊಸ ಸೀರೆಯುಟ್ಟು, ಮಂಡಕ್ಕಿ ಒಗ್ಗರಣೆ ಮಾಡಿಟ್ಟುಕೊಂಡು, ಹೊತ್ತಿಗೆ ಮೊದಲೇ ಒಳಮನೆಯ ಟಿವಿಯ ಮುಂದೆ ಕೂತಿದ್ದಳು. ಟಿವಿಯಲ್ಲಿ ಅದೇ ವಾಗ್ವಾದ. ಅವಳು ಅದನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಪಡಸಾಲೆಗೆ ಹೋದೆ.

"ದೊಡ್ಡಪ್ಪ, ರೈತರ ಕಾರ್ಯಕ್ರಮದಾಗೆ ಇವತ್ತು ಭತ್ತದ ಬಗ್ಗೆ ಐತಂತೆ."

"ಭತ್ತನಾ? ಹಾಕು ಮತ್ತೆ" ಅಂತ ಅವರೇ ರಿಮೋಟು ತೆಗೆದು ಕೊಟ್ಟರು. ಹಾಕಿದೆ. ಹಸಿರು ಗದ್ದೆ ಕಾಣಿಸಿತು, ನಾಲೆಯ ಏರಿ ಕಾಣಿಸಿತು, ಹೊಸ ರುಮಾಲು ಸುತ್ತಿಕೊಂಡು ಟಿವಿಯ ತುಂಬ ಹಾಲೇಶ ಮಾವ ಕಾಣಿಸಿದ. ಒಳಮನೆಯಲ್ಲಿ ಮಂಡಕ್ಕಿಯ ತಟ್ಟೆ ಕೆಳಗೆ ಇಟ್ಟ ಸದ್ದಾಯಿತು.

ದೊಡ್ಡಪ್ಪ ನನ್ನ ಕಡೆ ನೋಡಿದರು. ಕೈ ಮುಂದಕ್ಕೆ ಚಾಚಿದರು. ನಾನು ರಿಮೋಟು ಕೊಟ್ಟೆ, ಕೊಡದೆ ಏನು ಮಾಡಲಿ? ಅವರ ಹೆಬ್ಬೆರಳು ಗುಂಡಿಯ ಮೇಲೆ ಬಂತು. ಅಷ್ಟರಲ್ಲಿ ಮಾವ ಟಿವಿಯೊಳಗಿಂದ ಹೇಳಿದ: "ನಾಟಿ ಮಾಡೋದು ಬ್ಯಾಡ್ರಿ. ಕೂರಿಗ್ಯಾಗೆ ಬಿತ್ರಿ. ನಾಲೆ ನೀರು ತಡಾದ್ರೂ ಭತ್ತ ಬರ್ತೈತೆ."

ದೊಡ್ಡಪ್ಪನ ಹೆಬ್ಬೆರಳು ನಿಂತಿತು. ಕೂರಿಗೆ ಹೂಡಿ ಒಣ ನೆಲದಲ್ಲಿ ಸಾಲಾಗಿ ಬೀಜ ಬಿತ್ತಿದವರಲ್ಲ, ಸಸಿ ಮಡಿ ಮಾಡಿ, ಕಿತ್ತು, ಕೆಸರಲ್ಲಿ ಸಾಲು ಹಿಡಿದು ನಾಟಿ ಮಾಡಿಸುವುದರಲ್ಲೇ ಜೀವ ಸವೆಸಿದವರು ಅವರು. "ನಾಟಿ ಬ್ಯಾಡಂತೆ, ನಾಟಿ" ಅಂದರು ಟಿವಿಗೆ. ಟಿವಿ ಕೇಳಲಿಲ್ಲ, ಮಾವ ಮುಂದುವರಿಸಿದ. ದೊಡ್ಡಪ್ಪ ದಿವಾನದ ಅಂಚಿಗೆ ಬಂದರು. "ಒಣ ನೆಲದಾಗೆ ಬಿತ್ತಿದ್ರೆ ಕಳೆ ಬರಲ್ವೇನಲೇ? ಆ ಕಳೆ ಕೀಳೋಕೆ ಇವರಪ್ಪ ಬರ್ತಾನಾ?"

ಗೋಡೆಯಾಚೆಯಿಂದ ಧ್ವನಿ ಬಂತು.

"ನಮ್ಮಪ್ಪ ಯಾಕ ಬರ್ಬೇಕು? ಸಾಲಿನ್ಯಾಗೆ ಕುಂಟೆಲಿ ಎಡೆ ಹೊಡೆದ್ರೆ ಕಳೆ ಹೋತು."

ನಾನು ಎರಡು ಕೋಣೆಯ ನಡುವಿನ ಬಾಗಿಲಿಗೆ ಓಡಿ, ಒಮ್ಮೆ ಅವ್ವನ ಕಡೆ, ಒಮ್ಮೆ ದೊಡ್ಡಪ್ಪನ ಕಡೆ ನೋಡಿದೆ. ದೊಡ್ಡಪ್ಪನಿಗೆ ಭತ್ತದ ಭರದಲ್ಲಿ ಯಾರು ಮಾತಾಡಿದರೆಂಬುದೇ ಹೊಳೆಯಲಿಲ್ಲ. "ಎಡೆ ಹೊಡಿಯೋಕೆ ನೆಲ ಹದ ಇರ್ಬೇಕಲ್ಲ. ಮಳೆ ಹಿಡಿದ್ರೆ?" ಅಂದರು.

"ಮಳೆ ಹಿಡಿದ್ರೆ ನಿಮ್ಮ ಸಸಿ ಮಡಿನೂ ಕೊಳಿತೈತೆ ಭಾವಾರು."

"ಯಾವಾಗ ಕೊಳತೈತೆ? ನಂದು ಒಂದ್ ವರ್ಷ ಕೊಳತಿಲ್ಲ."

"ಹೋದ ವರ್ಷ ಕೊಳತಿತ್ತು. ನೀವು ಮೂರು ದಿನ ಊಟ ಸರಿಯಾಗಿ ಮಾಡ್ಲಿಲ್ಲ. ಬಡಿಸ್ದಾಕಿ ನಾನು, ನಂಗೊತ್ತಿಲ್ವಾ?"

ಕಾರ್ಯಕ್ರಮ ಮುಗಿಯುವವರೆಗೂ ಹೀಗೇ. ಮಾವ ಪಡಸಾಲೆಯಲ್ಲೊಬ್ಬ, ಒಳಮನೆಯಲ್ಲೊಬ್ಬ, ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ನಡುವೆ ಗೋಡೆ ದಾಟಿ ಗೊಬ್ಬರ, ನೀರು, ಗೊಣ್ಣೆಹುಳ ಎಲ್ಲ ಹಾರಾಡುತ್ತಿದ್ದವು. ಚಿಕ್ಕಂದಿನಿಂದ ಮಾಡಿಕೊಂಡು ಬಂದ ನನ್ನ ಸುದ್ದಿ ಮುಟ್ಟಿಸುವ ನೌಕರಿ ಆ ಅರ್ಧ ತಾಸಿನಲ್ಲಿ ಹೋಯಿತು. ಇಷ್ಟು ಖುಷಿಯಿಂದ ಯಾರೂ ನೌಕರಿ ಕಳೆದುಕೊಂಡಿರಲಾರರು.

ಮಾವ ಕೈ ಮುಗಿದ, ಜಾಹೀರಾತು ಬಂತು. ಆಗ ಇಬ್ಬರಿಗೂ ಎಚ್ಚರವಾಯಿತು. ಒಳಗೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಣ್ಣಲ್ಲಿ ನೀರು, ಹೆದರಿಕೆಯದೋ ತಮ್ಮನನ್ನು ನೋಡಿದ್ದರದೋ ಅವಳಿಗೇ ತಿಳಿದಿರಲಿಲ್ಲ. ಇಲ್ಲಿ ದೊಡ್ಡಪ್ಪ ರಿಮೋಟು ತಿರುಗಿಸುತ್ತ ಕೂತಿದ್ದರು.

"ಅಲ್ಲವ್ವಾ" ಅಂದರು ಕಡೆಗೆ. ಟಿವಿಗಲ್ಲ, ನನಗಲ್ಲ, ಗೋಡೆಯ ಆ ತೂತಿನ ಕಡೆ ತಿರುಗಿ. "ನಿನ್ನ ತಮ್ಮ ಇಷ್ಟೆಲ್ಲ ಮಾತಾಡ್ತಾನಲ್ಲ, ಬಂದು ನನ್ನ ಗದ್ದೆ ನೋಡಿ ಹೇಳ್ಲಿ."

ಒಳಗಿನಿಂದ ಅವ್ವ, "ನೀವು ಕರದ್ರೆ ಬರ್ತಾನೆ ಭಾವಾರು. ನಾ ಕರದ್ರೆ ಬರಲ್ಲ" ಅಂದಳು.

ದೊಡ್ಡಪ್ಪ ನನ್ನ ಮುಂದೆ ಕೈ ಚಾಚಿ ಫೋನು ಕೇಳಿದರು. ಮಾವನ ಹತ್ತಿರ ಕ್ಷಮೆ ಗಿಮೆ ಅಂತ ಏನೂ ಮಾತಾಡಲಿಲ್ಲ. "ಏನಪ್ಪ ಹಾಲೇಶ, ಟಿವಿಯಾಗೆ ಭಾಳ ಸುಳ್ಳು ಹೇಳ್ದೆ. ಭಾನುವಾರ ಬಾ, ಮಾತಾಡಾಣ" ಅಂದರು. ಭಾನುವಾರ ಮಾವ ಬಂದ. ಅವ್ವ ಬಾಗಿಲಿಗೆ ನೀರಿನ ತಂಬಿಗೆ ತಂದಿಟ್ಟ ಅವಸರಕ್ಕೆ ಅರ್ಧ ನೀರು ಹೊಸ್ತಿಲ ಮೇಲೆ ಚೆಲ್ಲಿತು. ಊಟಕ್ಕೆ ಲೋಕಿಕೆರೆಯ ಅಕ್ಕಿಯೇ. ಮಾವ ಎರಡು ಸಲ ಕೇಳಿ ಹಾಕಿಸಿಕೊಂಡು ಉಂಡ, ಅಕ್ಕಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ತುಪ್ಪವನ್ನು ದೊಡ್ಡಪ್ಪನೇ ಬಡಿಸಿದರು.

ಆಮೇಲಿನ ವರ್ಷಗಳಲ್ಲಿ ನನಗೆ ಮದುವೆಯಾಯಿತು, ಹರಿಹರದಲ್ಲಿ ಮನೆ ಮಾಡಿದೆ. ಈಗ ಇಲ್ಲಿ ಎರಡು ಟಿವಿಗೂ ಬೇರೆ ಬೇರೆ ಡಬ್ಬಿ. ಹೆಂಡತಿ ಅವಳಿಗೆ ಬೇಕಾದ್ದು ನೋಡುತ್ತಾಳೆ, ನಾನು ನನಗೆ ಬೇಕಾದ್ದು. ಕೆಲಸ ಚೊಕ್ಕವಾಗಿದೆ, ಗೋಡೆ ದಾಟಿ ಒಂದು ಮಾತೂ ಬರುವುದಿಲ್ಲ. ಯಾಕೋ ಮನೆ ದೊಡ್ಡದಾದ ಹಾಗೆ ಅನಿಸಿ, ಭಾನುವಾರ ಬೆಳಿಗ್ಗೆಯೇ ದಾವಣಗೆರೆಗೆ ಹೊರಟೆ.

ಬಾಗಿಲು ತೆರೆದೇ ಇತ್ತು, ಅಪ್ಪ ಎಂದಿನಂತೆ ಅಂಗಡಿಯಲ್ಲಿ. ದೊಡ್ಡಪ್ಪನಿಗೆ ಈಗೀಗ ಕಿವಿ ಮಂದ. ಮಿಷನ್ನು ಹಾಕಿಕೊಳ್ಳಿ ಅಂದರೆ ಕೀಂಯ್ ಅಂತೈತೆ ಅಂತ ತೆಗೆದಿಡುತ್ತಾರೆ. ಟಿವಿಯಲ್ಲಿ ಕೃಷಿಯ ಬಗ್ಗೆ ಏನೋ ಬರುತ್ತಿತ್ತು. ದಿವಾನದ ಒಂದು ಕಡೆ ದೊಡ್ಡಪ್ಪ. ಇನ್ನೊಂದು ಕಡೆ, ಕಾಲು ಮೇಲಕ್ಕೆ ಮಡಚಿಕೊಂಡು, ಅವ್ವ. ಕೂತಿದ್ದಾಳೆ. ನಾನು ಬಂದದ್ದನ್ನು ಇಬ್ಬರೂ ನೋಡಲಿಲ್ಲ.

"ಒಳಗಿನ ಟಿವಿ ಕೆಟ್ಟೈತೇನವ್ವ?" ಅಂದೆ.

"ಚಲೋ ಐತೆ. ಅಲ್ಲಿಂದ ಕೂಗಿದ್ರೆ ಇವರಿಗೆ ಕೇಳ್ಸಲ್ಲ. ಇಲ್ಲಿ ಕುಂತು ಹೇಳ್ಬೇಕು" ಅಂದಳು, ಟಿವಿಯಿಂದ ಕಣ್ಣು ತೆಗೆಯದೆ.

ಟಿವಿಯಲ್ಲಿ ಕನ್ನಡಕದ ತಜ್ಞರೊಬ್ಬರು ನೀರಿನ ಅನುಕೂಲ ಇರುವ ಕಡೆ ನಾಟಿ ಮಾಡುವುದೇ ಒಳ್ಳೆಯದು ಅಂತ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ.

"ಏನಂತಾನವ್ವ ಅವನು?" ಅಂದರು ದೊಡ್ಡಪ್ಪ.

ಅವ್ವ ಅವರ ಕಿವಿಯ ಹತ್ತಿರ ಬಗ್ಗಿ ಜೋರಾಗಿ ಹೇಳಿದಳು: "ಕೂರಿಗೇನೇ ಚಲೋ ಅಂತಾರೆ ಭಾವಾರು."